ವೇಲಾಂಕಣಿಗೆ ಹೋಗಿ ಬರುವ ಬೈಕ್ ಉಂಟಾ?

ಹಳೆಯ ಬೈಕ್ ಕೊಳ್ಳಲು ಹೊರಟವರಿಗೆ ಬೈಕ್ ಸಿಗುವುದು ಕೊನೆಗೆ, ಅದಕ್ಕೆ ಮೊದಲು ಸಿಗುವುದೆಲ್ಲ ನಗೆಪಾಟಲಿನ ಕತೆಗಳೇ. ನಾವೇನೂ ಹುಡುಕಿಕೊಂಡು ಹೋಗುವುದಲ್ಲ. ಮಾರುವವರ ಮನೆಯ ಗೇಟು ತೆಗೆದರೆ ಸಾಕು, ಒಂದಲ್ಲ ಒಂದು ಪ್ರಸಂಗ ಅಂಗಳದಲ್ಲೇ ಕಾಯುತ್ತಿರುತ್ತದೆ.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್. ನಮ್ಮವರು ಮದುವೆಯಾದ ತಿಂಗಳಿಗೇ ಗಲ್ಫಿಗೆ ಹೋದವರು, ಈ ವರ್ಷ ಕೆಲಸ ಬಿಟ್ಟು ಮನೆಗೆ ಬಂದರು. ಮದುವೆಯ ಹೊಸತರಲ್ಲಿ ನನ್ನನ್ನು ಬೈಕಿನಲ್ಲಿ ತಮಿಳುನಾಡಿನ ವೇಲಾಂಕಣಿ ಮಾತೆಯ ಯಾತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದರು. ಆಮೇಲೆ ಪ್ರತಿ ರಜೆಯಲ್ಲೂ ಯಾರದ್ದೋ ಮದುವೆ, ಯಾರದ್ದೋ ಮನೆ ಒಕ್ಕಲು. ನಾವಿಬ್ಬರೇ ಎಲ್ಲಿಗೂ ಹೋದದ್ದೇ ಇಲ್ಲ. ಈ ಸಲ ನನಗೆ ಎರಡು ವಾರ ರಜೆ ಸಿಕ್ಕಿತು ನೋಡಿ, ನಾನು ಹದಿನೆಂಟರ ಹುಡುಗಿಯ ಹಾಗೆ ಕುಣಿದಾಡಿಬಿಟ್ಟೆ.

ಸುದ್ದಿ ಅತ್ತೆಗೆ ಹೋಯಿತು. ಅವರು ಹೇಗೂ ಹೋಗುವುದಲ್ಲವಾ ಎಂದು ಹನ್ನೆರಡು ಸೀಟಿನ ಟ್ರಾವೆಲರ್ ಮಾತಾಡಿಟ್ಟರು. ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ರಜೆ ಶುರುವಾಗುವುದರೊಳಗೆ ಗಟ್ಟಿ ಬೈಕ್ ಸಿಕ್ಕಿದರೆ ನೀವಿಬ್ಬರೇ ಹೋಗಿ, ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಎಂದರು. ಎಲ್ಲರೂ ಎಂದರೆ ಅತ್ತೆಯ ತಂಗಿಯರು, ಅವರ ಗಂಡಂದಿರು, ಮತ್ತೆ ಒಂದು ಗಿಟಾರ್.

ಹೊಸ ಟೂರಿಂಗ್ ಬೈಕಿನ ಬೆಲೆ ಕೇಳಿ ಶೋರೂಮಿನಲ್ಲಿ ನೀರು ಕುಡಿದು ಬಂದೆವು. ಉಳಿದದ್ದು ಸೆಕೆಂಡ್ ಹ್ಯಾಂಡ್. ಇವರು ನೋಡುವುದು ಬಣ್ಣ, ನಾನು ನೋಡುವುದು ಬಾಳಿಕೆ. ಅಗ್ಗಕ್ಕೆ ತಂದು ಆಮೇಲೆ ರಿಪೇರಿಗೆ ಸುರಿದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ.

ಶಕ್ತಿನಗರದ ಜ್ವರ

ಮೊದಲು ನೋಡಿದ್ದು ಶಕ್ತಿನಗರದಲ್ಲಿ. ಯಜಮಾನರು ಎಳನೀರು ಕೊಟ್ಟು ಕೂರಿಸಿ, ಗಾಡಿಯನ್ನು ತಾನೊಬ್ಬನೇ ಓಡಿಸಿದ್ದು, ಒಂದು ಬೆಳಗ್ಗೆಯೂ ಸ್ಟಾರ್ಟ್ ಆಗದೆ ಸತಾಯಿಸಿಲ್ಲ ಎಂದು ಹೊಗಳಿದರು. ಬಟನ್ ಒತ್ತಿದ ಕೂಡಲೇ ಗಾಡಿ ಗುಡುಗಿತು. ನಮ್ಮವರು ಅಡ್ವಾನ್ಸ್ ಕೊಡಲು ಕಿಸೆಗೆ ಕೈ ಹಾಕಿಯೇಬಿಟ್ಟರು.

ನನಗೆ ವಾರ್ಡಿನ ಅಭ್ಯಾಸ. ರೋಗಿಯ ಕಡೆಯವರು ನಿನ್ನೆಯವರೆಗೆ ಚೆನ್ನಾಗಿ ಉಣ್ಣುತ್ತಿದ್ದರು ಎಂದರೆ ಮೊದಲು ಹಣೆ ಮುಟ್ಟಿ ನೋಡುವುದು. ಎಂಜಿನ್ ನಿಲ್ಲಿಸಲು ಹೇಳಿ ಅಂಗೈ ಮಗುಚಿ ಹತ್ತಿರ ಹಿಡಿದೆ. ಈಗಷ್ಟೇ ಒಂದು ನಿಮಿಷ ಓಡಿದ ಎಂಜಿನ್ ದೋಸೆಕಲ್ಲಿನ ಹಾಗೆ ಕಾದಿತ್ತು. ತಣ್ಣಗಿದ್ದರೆ ಏಳದ ಗಾಡಿಯನ್ನು ನಾವು ಬರುವ ಮೊದಲೇ ಎಬ್ಬಿಸಿ ಬಿಸಿ ಮಾಡಿಟ್ಟಿದ್ದರು. ಇದು ಹೇಗೆ ಇಷ್ಟು ಬಿಸಿ ಎಂದು ಕೇಳಿದೆ.

ಅವರು ಸ್ವಲ್ಪವೂ ತಡವರಿಸದೆ ಹೇಳಿದರು: "ಅದು ಬಿಸಿಲಿಗೆ ಸಿಸ್ಟರ್."

ನಾವು ಮೂವರೂ ಕೊಡೆ ಹಿಡಿದುಕೊಂಡು ನಿಂತಿದ್ದೆವು. ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ, ಬಿಡುವ ಲಕ್ಷಣವೂ ಇರಲಿಲ್ಲ.

ಎಲ್ಲ ಹೊಸತು

ನಮ್ಮ ಆಸ್ಪತ್ರೆಯ ಒಬ್ಬ ಚಿಕ್ಕ ಡಾಕ್ಟರಿಗೆ ಮದುವೆ ಗೊತ್ತಾಗಿತ್ತು. ಹುಡುಗಿಯ ಮನೆಯವರಿಗೆ ಬೈಕ್ ಇಷ್ಟವಿಲ್ಲ. ಡಾಕ್ಟರು ನನ್ನನ್ನು ಲಿಫ್ಟಿನಲ್ಲೇ ಹಿಡಿದು, ಹೊರಗೆ ಯಾರಿಗೂ ಕೊಡುವುದಿಲ್ಲ, ನಿಮಗೆ ಕೊಡುತ್ತೇನೆ ಎಂದರು.

ಪಾರ್ಕಿಂಗಿಗೆ ಹೋದೆವು. ಅವರು ಗಾಡಿಯ ಸುತ್ತ ರೌಂಡ್ಸ್ ಮಾಡುತ್ತಾ ವಿವರಿಸಿದರು. ಕ್ಲಚ್ ಪ್ಲೇಟ್ ಹೊಸತು, ಚೈನ್ ಹೊಸತು, ರೇಡಿಯೇಟರ್ ಹೊಸತು, ಫ್ಯೂಯೆಲ್ ಪಂಪ್ ಹೊಸತು, ಸೈಲೆನ್ಸರ್ ಎರಡನೇ ಸಲ ಹೊಸತು. ಇನ್ನು ನಿಮಗೆ ಖರ್ಚೇ ಇಲ್ಲ ಎಂದರು. ನಮ್ಮವರಿಗೆ ಭಾರಿ ಖುಷಿ. ಇಷ್ಟು ಸಣ್ಣ ಪ್ರಾಯದಲ್ಲಿ ಇಷ್ಟೆಲ್ಲ ಯಾಕೆ ಹೋಯಿತು ಎಂಬುದೇ ನನ್ನ ಚಿಂತೆ.

"ಡಾಕ್ಟ್ರೇ, ಇಷ್ಟು ಅಂಗಾಂಗ ಬದಲಾದ ರೋಗಿಯನ್ನು ವೇಲಾಂಕಣಿಗೆ ಕರ್ಕೊಂಡು ಹೋಗ್ಲಿಕ್ಕೆ ಉಂಟಾ?" ಎಂದೆ. "ಅವನ ಹೆಸರಲ್ಲಿ ನಾವೇ ಹರಕೆ ಹೊತ್ತು ಹೋಗ್ಬೇಕಷ್ಟೆ."

ಹುಳಿ ಮುಖ

ನಮ್ಮವರ ಒಂದು ತೊಂದರೆ ಏನೆಂದರೆ, ಗಾಡಿ ಕಂಡ ಕೂಡಲೇ ಅದನ್ನು ಮಾರುವವನ ಎದುರಿಗೇ ಹೊಗಳುವುದು. ಇವರು ಗಲ್ಫಿನಲ್ಲಿದ್ದದ್ದು ಪರ್ಚೇಸ್ ವಿಭಾಗದಲ್ಲಿ ಎಂದರೆ ಯಾರೂ ನಂಬಲಿಕ್ಕಿಲ್ಲ. ಆ ಕಂಪನಿ ಇನ್ನೂ ನಡೆಯುತ್ತಿರುವುದು ಮಾತೆಯ ಕೃಪೆ.

ಮುಂದಿನ ಮನೆಗೆ ಹೋಗುವ ಮೊದಲು ಬುದ್ಧಿ ಹೇಳಿದೆ. ಮಾತಾಡಬಾರದು, ನಗಬಾರದು, ಹುಳಿ ಹುಳಿ ಬಿಂಬುಳಿಕಾಯಿ ತಿಂದವರ ಹಾಗೆ ಮುಖ ಇಟ್ಟುಕೊಳ್ಳಬೇಕು. ಪಾಪ, ಅಕ್ಷರಶಃ ಪಾಲಿಸಿದರು. ಮಾರುವವನು ಹೆದರಿ ಇವರಿಗೆ ಹುಷಾರಿಲ್ಲವಾ ಎಂದು ನನ್ನಲ್ಲಿ ಗುಟ್ಟಾಗಿ ಕೇಳಿದ. ಕೆಲಸ ಆಗುತ್ತಾ ಉಂಟು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವನು ಅಳುಕುತ್ತಲೇ ಬೆಲೆ ಹೇಳಿದ.

"ಅಷ್ಟೇಯಾ?" ಎಂದರು ನಮ್ಮವರು.

ಅವನು ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, "ಅಲ್ಲಲ್ಲ, ಹೆಲ್ಮೆಟಿಗೆ ಬೇರೆ" ಎಂದ.

ಕದ್ರಿಯ ಗ್ಯಾರೇಜು

ಇವರ ಮನಸ್ಸು ಕದ್ದದ್ದು ಒಂದು ವಿದೇಶಿ ಗಾಡಿ. ಬೆಲೆಯೂ ಕೈಗೆಟುಕುವ ಹಾಗಿತ್ತು. ಅದೇ ನನಗೆ ಸಂಶಯ. ಕದ್ರಿಯಲ್ಲಿ ನಮ್ಮ ಪರಿಚಯದ ಗ್ಯಾರೇಜಿನವರಿಗೆ ತೋರಿಸಿದೆವು. ಅವರು ಓಡಿಸಿ ಬಂದು, ಗಾಡಿ ಚಿನ್ನದಂಥದ್ದು ಮಾರಾಯ್ರೆ, ಆದರೆ ಏನಾದರೂ ಹೋದರೆ ಪಾರ್ಟ್ಸ್ ಹಡಗಿನಲ್ಲಿ ಬರಬೇಕು ಎಂದರು. ಎಷ್ಟು ದಿನ ಹಿಡಿಯಬಹುದು ಎಂದು ಕೇಳಿದೆ.

"ಇದೇ ನಮೂನೆಯ ಗಾಡಿಯವರೊಬ್ಬರು ಕ್ಲಚ್ಚಿಗೆ ಆರ್ಡರ್ ಹಾಕುವಾಗ ಅವರ ಹೆಂಡತಿ ಬಸುರಿ" ಎಂದರು. "ಮಗು ಈಗ ಎಲ್‌ಕೆಜಿ. ಕ್ಲಚ್ ಇನ್ನೂ ಬರ್ಲಿಲ್ಲ."

ಕಾವೂರಿನ ಮಾಮಿ

ರಜೆ ಬಾಗಿಲಿಗೆ ಬಂದಿತ್ತು. ಅತ್ತೆ ಟ್ರಾವೆಲರಿಗೆಂದು ಚಕ್ಕುಲಿ ಕರಿಯತೊಡಗಿದ್ದರು. ಗಿಟಾರಿಗೆ ಹೊಸ ತಂತಿ ಹಾಕಿಸಿದ ಸುದ್ದಿಯೂ ಬಂತು. ನನಗೆ ಅಳುವೇ ಬರುತ್ತಿತ್ತು. ಆಗ ಚರ್ಚಿನಲ್ಲಿ ಒಬ್ಬರು, ಕಾವೂರಿನ ಮಾಮಿಯೊಬ್ಬರು ಗಲ್ಫಿನಲ್ಲಿರುವ ಮಗನ ಬೈಕ್ ಮಾರುತ್ತಾರಂತೆ ಎಂದರು.

ಪೋರ್ಟಿಕೋದಲ್ಲಿ, ಹಳೆಯ ಕರ್ಟನಿನಿಂದ ಹೊಲಿದ ಹೊದಿಕೆಯ ಒಳಗೆ ಅದು ನಿಂತಿತ್ತು. ಮಾಮಿ ಹೊದಿಕೆ ಎಳೆದಾಗ ನನ್ನ ಎದೆಯೇ ಹಾರಿತು. ಎತ್ತರದ ನಿಲುವು, ಅಗಲ ಸೀಟು, ಎರಡೂ ಬದಿಗೆ ಪೆಟ್ಟಿಗೆ. ಮೀಟರ್ ನೋಡಿದರೆ ಒಂದು ಸಲ ಉಡುಪಿಗೆ ಹೋಗಿ ಬಂದಷ್ಟೂ ಓಡಿಲ್ಲ. ಆದರೆ ಮಲಗಿದಲ್ಲೇ ಇರುವ ರೋಗಿಗೆ ಬೆನ್ನು ಹುಣ್ಣಾಗುತ್ತದೆಂದು ನನಗೆ ಗೊತ್ತು. ವರ್ಷಗಟ್ಟಲೆ ಸುಮ್ಮನೆ ನಿಂತದ್ದಾ ಎಂದು ಕೇಳಿದೆ.

ಮಾಮಿಗೆ ಬೇಸರವಾಯಿತು. ಬ್ಯಾಟರಿ ಸಾಯದ ಹಾಗೆ ದಿನಾ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಡಲು ಮಗ ಹೇಳಿದ್ದಾನೆ, ಒಂದು ದಿನವೂ ತಪ್ಪಿಸಿಲ್ಲ ಎಂದರು. ಸ್ವಲ್ಪ ಹೊತ್ತು ಎಂದರೆ ಎಷ್ಟು?

"ಒಂದು ತೇರ್ಸ್ ಮುಗಿಯುವವರೆಗೆ" ಎಂದರು ಮಾಮಿ.

ತೇರ್ಸ್ ಎಂದರೆ ನಮ್ಮ ಜಪಮಾಲೆಯ ಪ್ರಾರ್ಥನೆ. ಮಾಮಿ ಗಾಡಿಯ ಪಕ್ಕ ಕುರ್ಚಿ ಹಾಕಿ, ಸ್ಟಾರ್ಟ್ ಮಾಡಿ, ಮಣಿ ಎಣಿಸಲು ಕೂರುವುದಂತೆ. ಬೆಳಗ್ಗೆ ಒಂದು, ಸಂಜೆ ಒಂದು. ಈಸ್ಟರಿಗೆ ಮೊದಲಿನ ತಪಸ್ಸು ಕಾಲದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆಯೂ ಸೇರಿ ಇನ್ನೂ ಉದ್ದ. ಪಕ್ಕದ ಮನೆಯವರು ಮೇಣದ ಬತ್ತಿ ತರುವಾಗ ಪೆಟ್ರೋಲೂ ತಂದು ಕೊಡುತ್ತಾರೆ. ಗೇಟು ದಾಟದ ಆ ಎಂಜಿನ್ ಭೂಮಿಗೆ ಒಂದು ಸುತ್ತು ಬರುವಷ್ಟು ದುಡಿದಿತ್ತು.

ಕದ್ರಿಯ ಗ್ಯಾರೇಜಿನವರನ್ನು ಕರೆಸಿದೆವು. ಅವರು ಕಿವಿ ಕೊಟ್ಟು ಕೇಳಿ, ಎಂಜಿನ್‌ಗೆ ಏನೂ ಆಗಿಲ್ಲ, ಆಯಿಲ್ ಬದಲಿಸಿ, ನಿಂತು ನಿಂತು ಕಲ್ಲಾದ ಟಯರ್ ಎರಡನ್ನೂ ಕಿತ್ತುಹಾಕಿ, ಬೇಕಾದಲ್ಲಿಗೆ ಹೋಗಿ ಎಂದರು. ಮೊದಲ ಬಾರಿಗೆ ಮೂಗುತಿ ಮೂಗಿಗೆ ತಕ್ಕಷ್ಟೇ ಇತ್ತು.

ಗೇಟಿನವರೆಗೆ ಓಡಿಸಿ ನೋಡಿ ಎಂದರು ಮಾಮಿ. ನಾನೂ ಹಿಂದೆ ಹತ್ತಿದೆ. ಗೇಟು ಬಂತು, ಕೆರೆ ಬಂತು, ವಿಮಾನ ನಿಲ್ದಾಣದ ರಸ್ತೆ ಬಂತು. ನಿಧಾನವಾಗಿಯೇ ಹೋದೆವು, ಆದರೆ ತಿರುಗಬೇಕೆಂದು ಇಬ್ಬರಿಗೂ ಅನಿಸಲಿಲ್ಲ. ಮಳೆ ಬಿಟ್ಟಿತ್ತು. ನಾನು ಇವರ ಸೊಂಟ ಹಿಡಿದು ಕೂತಿದ್ದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ವಾಪಸ್ಸು ಬಂದಾಗ ಮಾಮಿ ಫೋನ್ ಹಿಡಿದುಕೊಂಡು ಗೇಟಿನಲ್ಲೇ ಇದ್ದರು. ಗಾಡಿ ಕಳವಾಯಿತೆಂದು ಮಗನಿಗೆ ವಿಡಿಯೋ ಕಾಲ್ ಮಾಡಿಯಾಗಿತ್ತು. ಅವನು ಬೈಯುತ್ತಾನೆಂದುಕೊಂಡೆ. ಅವನು ನಮ್ಮವರಲ್ಲಿ ಕೇಳಿದ್ದು ಒಂದೇ:

"ಅಂಕಲ್, ಅದು ಹೇಗೆ ಓಡ್ತದೆ?"

ನೀನೇ ಓಡಿಸಿಲ್ಲವಾ ಎಂದರು ಇವರು. ಶೋರೂಮಿನಿಂದ ಮನೆಯವರೆಗೆ ಓಡಿಸಿದ್ದೇನೆ, ಆಮೇಲೆ ಪ್ರತಿ ರಜೆಯಲ್ಲೂ ಯಾರದ್ದಾದರೂ ಮದುವೆ ಇರುತ್ತದೆ ಎಂದ ಹುಡುಗ. ನಮ್ಮವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮತ್ತೆ ಶುರು ಮಾಡಿದರು ನೋಡಿ, ಹೊಗಳಲಿಕ್ಕೆ. ತಿರುವಿನಲ್ಲಿ ಹೇಗೆ ಬಾಗುತ್ತದೆ, ಏರಿನಲ್ಲಿ ಹೇಗೆ ಎಳೆಯುತ್ತದೆ, ಗಾಳಿ ಹೇಗೆ ಎದೆಗೆ ಬಡಿಯುತ್ತದೆ. ನಾನು ಕಾಲು ತುಳಿದೆ. ನಿಲ್ಲಿಸಲಿಲ್ಲ.

ಎಲ್ಲ ಕೇಳಿ ಹುಡುಗ ಹೇಳಿದ: "ಹಾಗಾದ್ರೆ ನಾನು ಮಾರುವುದಿಲ್ಲ."

ಹೊಗಳಿ ಹೊಗಳಿ ಬೆಲೆ ಏರಿಸಿದವರನ್ನು ಕಂಡಿದ್ದೇನೆ, ಗಾಡಿಯನ್ನೇ ಕಳೆದವರು ಇವರೊಬ್ಬರೇ. ನಾನು ಫೋನ್ ಕಿತ್ತುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಹಳೆಯ ಮಾತು, ಟ್ರಾವೆಲರ್, ಗಿಟಾರ್, ನಾವಿಬ್ಬರೇ ಎಲ್ಲಿಗೂ ಹೋಗದೆ ಇದ್ದದ್ದು. ಹೇಳುತ್ತಾ ಅತ್ತುಬಿಟ್ಟೆ ಕೂಡ.

"ಮಾರುವುದಿಲ್ಲ ಆಂಟಿ" ಎಂದ ಹುಡುಗ. "ಆದ್ರೆ ನೀವು ತಕೊಂಡು ಹೋಗಿ ಬನ್ನಿ. ಯಾರಾದ್ರೂ ಓಡಿಸ್ಬೇಕಲ್ಲ."

ಹೀಗೆ ಬೈಕ್ ಕೊಳ್ಳಲು ಹೋದ ನಾವು ಎರಡು ಟಯರ್ ಕೊಂಡೆವು. ಹೊರಡುವ ದಿನ ಮಾಮಿ ಗಾಡಿಗೆ ಅಡ್ಡ ನಿಂತರು. ಆ ಶಬ್ದ ಇಲ್ಲದಿದ್ದರೆ ತನಗೆ ಈಗ ಪ್ರಾರ್ಥನೆಯಲ್ಲಿ ಮನಸ್ಸೇ ನಿಲ್ಲುವುದಿಲ್ಲ, ತನ್ನ ತೇರ್ಸಿನ ಗತಿ ಏನು ಎಂದರು. ಅದಕ್ಕೂ ಒಂದು ದಾರಿ ಮಾಡಿಕೊಂಡೆವು.

ತಮಿಳುನಾಡಿನ ರಸ್ತೆ ಬದಿಯಲ್ಲಿ ಒಂದು ಸಂಜೆ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಸ್ಟಾರ್ಟ್ ಮಾಡಿ, ನಾನು ಸೈಲೆನ್ಸರಿನ ಹತ್ತಿರ ಫೋನ್ ಹಿಡಿದು ಮೊಣಕಾಲೂರಿ ಕೂತಿದ್ದೆ. ಆ ಕಡೆಯಿಂದ ಮಾಮಿಯ ಪ್ರಾರ್ಥನೆ, ಈ ಕಡೆ ನಮ್ಮವರು ಕಣ್ಣು ಮುಚ್ಚಿ ಉತ್ತರ ಕೊಡುತ್ತಿದ್ದರು. ಪಂಕ್ಚರ್ ಅಂಗಡಿಯವನು ಸ್ಪ್ಯಾನರ್ ಹಿಡಿದು ಓಡಿ ಬಂದು, ಗಾಡಿಗೆ ಏನಾಯಿತು ಎಂದು ಕೇಳಿದ. ವಾರ್ಡಿನಲ್ಲಿ ಕಲಿತ ತಮಿಳಿನಲ್ಲಿ ಹೇಳಿದೆ:

"ಗಾಡಿಗೆ ಏನೂ ಆಗಿಲ್ಲಪ್ಪ, ಅದು ಪ್ರಾರ್ಥನೆಯಲ್ಲಿದೆ. ಇನ್ನು ಹತ್ತು ಮಣಿ ಬಾಕಿ."

ಅವನು ಸ್ಪ್ಯಾನರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ, ಗಾಡಿಗೆ ಕೈ ಮುಗಿದು ನಿಂತ.