ಬಸವಪ್ರಸಾದರ ಲೆನ್ಸಿಗೆ ಮೂಗುದಾರ

ಬಸವಪ್ರಸಾದರ ಕ್ಯಾಮೆರಾಕ್ಕೆ ಒಂದು ದುರಭ್ಯಾಸವಿತ್ತು. ಕೊರಳಿಗೆ ನೇತುಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಸಾಕು, ಜೂಮ್ ಲೆನ್ಸ್ ತನ್ನ ಭಾರಕ್ಕೆ ತಾನೇ ಜಾರಿ ಗೇಣುದ್ದ ಆಚೆ ಬರುತ್ತಿತ್ತು. ಜಯನಗರದ ಮದುವೆಯೊಂದರಲ್ಲಿ ಸಾಂಬಾರಿನ ಬಕೆಟ್ಟಿನೊಳಗೇ ಇಣುಕಿ ಬಂದಿತ್ತು. ಟೇಪು, ಹೆಂಡತಿಯ ಜಡೆಯ ರಬ್ಬರ್ ಬ್ಯಾಂಡು, ಎಲ್ಲ ಪ್ರಯೋಗಗಳೂ ಮುಗಿದಿದ್ದವು. ಲೆನ್ಸ್ ಯಾವುದಕ್ಕೂ ಸೊಪ್ಪು ಹಾಕಿರಲಿಲ್ಲ.

ಈಗ ವಿಷಯ ಗಂಭೀರವಾಗಿತ್ತು. ಹೆಂಡತಿ ಲತಾಮಣಿಯ ತಂಗಿ ಶಿಲ್ಪಶ್ರೀ ಚಿಕ್ಕಲಸಂದ್ರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಫೋಟೋಗ್ರಾಫರ್ ಯಾಕೆ, ನಾನಿಲ್ಲವೇ ಎಂದು ಬಸವಪ್ರಸಾದರು ಎದೆ ತಟ್ಟಿಕೊಂಡು ಹೇಳಿಬಿಟ್ಟಿದ್ದರು.

"ಹಾಲು ಉಕ್ಕೋದೊಂದು ಸರಿಯಾಗಿ ಬಂದ್ರೆ ಸಾಕು ರೀ. ಅದು ಇನ್ನೊಂದ್ಸಲ ಉಕ್ಕಲ್ಲ. ತಂಗಿ ಮುಂದೆ ನನ್ನ ಮರ್ಯಾದೆ ತೆಗೀಬೇಡಿ," ಎಂದಿದ್ದಳು ಲತಾಮಣಿ.

ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಅವರಿಗೆ ಜ್ಞಾನೋದಯವಾಯಿತು. ಮಿಕ್ಸಿಯ ಚಟ್ನಿ ಜಾರಿನ ಮುಚ್ಚಳದಲ್ಲಿ ಬಿಳಿ ರಬ್ಬರ್ ವಾಷರ್ ಇತ್ತು. ಬಿಚ್ಚಿ ತಂದು ಲೆನ್ಸಿಗೆ ತೊಡಿಸಿದರೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕ್ಯಾಮೆರಾ ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಲೆನ್ಸ್ ಮಿಸುಕಲಿಲ್ಲ. (ಹೆಂಡತಿಗೆ ಒಂದು ಮಾತು ಹೇಳಬಹುದಿತ್ತು. ಆದರೆ ಮಹಾನ್ ಸಂಶೋಧಕರು ಯಾರನ್ನೂ ಕೇಳುವುದಿಲ್ಲ.) ಅದೇ ಮಿಕ್ಸಿಯನ್ನು ಲತಾಮಣಿ ತಿಂಡಿಯ ಚಟ್ನಿಗೆಂದು ತಂಗಿಯ ಮನೆಗೆ ಒಯ್ಯಲಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಒಲೆಯ ಸುತ್ತ ಮೂರು ಸಾಲು ನೆಂಟರು. ಕೊನೆಯ ಸಾಲಿನ ಹಿಂದೆ ಬಸವಪ್ರಸಾದರು. ಜೂಮ್ ಮಾಡದೆ ಪಾತ್ರೆ ಕಾಣುವಂತಿರಲಿಲ್ಲ. ತಿರುಗಿಸಿದರು, ಲೆನ್ಸ್ ತಿರುಗಲಿಲ್ಲ. ವಾಷರ್ ಕೀಳಲು ಹೋದರೆ ಬೆವರಿಗೆ ಬೆರಳು ಜಾರಿತು. ಉಗುರು ಹಾಕಿದರು. ಕೊನೆಗೆ ಹಲ್ಲು ಹಾಕಿದರು. ವಾಷರ್ ಕಳಚಿ ಬರುವುದಕ್ಕೂ ಹೆಂಗಸರು "ಉಕ್ತು, ಉಕ್ತು" ಎಂದು ಚಪ್ಪಾಳೆ ತಟ್ಟುವುದಕ್ಕೂ ಸರಿಹೋಯಿತು. ಅವರು ಕ್ಯಾಮೆರಾ ಕಣ್ಣಿಗಿಡುವಾಗ ಶಿಲ್ಪಶ್ರೀ ಒಲೆ ಆರಿಸುತ್ತಿದ್ದಳು.

ಅರ್ಧ ಗಂಟೆಯಲ್ಲಿ ಎರಡನೆಯ ಉಕ್ಕು ಬಂತು. ಲತಾಮಣಿ ಮಿಕ್ಸಿ ಹಾಕಿದ್ದೇ ತಡ, ಹಸಿರು ಚಟ್ನಿ ಮುಚ್ಚಳದ ಸಂದಿಯಿಂದ ಚಿಮ್ಮಿ ಹೊಸ ಬಿಳಿ ಗೋಡೆಗೆ ಹಾರಿತು.

"ಮುಚ್ಚಳ ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕಿತ್ತು ಲತಾ," ಎಂದರು ಬಸವಪ್ರಸಾದರು, ಜೇಬಿನಲ್ಲಿದ್ದ ವಾಷರನ್ನು ಒತ್ತಿ ಹಿಡಿದುಕೊಂಡು. ಅವಳು ಹಾಲಿನ ಫೋಟೋ ಬಗ್ಗೆ ಕೇಳಿದ್ದಕ್ಕೆ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತೋರಿಸುವುದಾಗಿ ಹೇಳಿದರು.

ಅಷ್ಟರಲ್ಲಿ ಮಾವ ಪರಮಶಿವಯ್ಯನವರು ಒಲೆಯ ಆಚೆ ಬದಿಯಿಂದ ತಾವು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋವನ್ನು ಮನೆಯವರ ಗ್ರೂಪಿಗೆ ಹಾಕಿದರು. ಹಾಲು ಅಂಚು ದಾಟಿ ನೊರೆನೊರೆಯಾಗಿ ಇಳಿಯುತ್ತಿತ್ತು. ಗೋಡೆ ಒರೆಸುತ್ತಿದ್ದ ಲತಾಮಣಿ ಕೈ ತೊಳೆದುಕೊಂಡು ಬಂದು ನೋಡಿ ಖುಷಿಪಟ್ಟಳು. ಯಾರ್‍ಯಾರಿದ್ದಾರೆಂದು ನೋಡಲು ಎರಡು ಬೆರಳಿಟ್ಟು ಅಗಲಿಸಿದಳು. ಪಾತ್ರೆ ಸರಿಯಿತು, ಮೂರು ಸಾಲೂ ಸರಿದವು, ಹಿಂದಿನಿಂದ ಗಂಡ ಹತ್ತಿರ ಬಂದರು. ಕಣ್ಣು ಮುಚ್ಚಿ, ಮುಖ ಕಿವುಚಿಕೊಂಡು, ಹಲ್ಲಿನಲ್ಲಿ ಬಿಳಿ ವಾಷರ್ ಕಚ್ಚಿ ಎಳೆಯುತ್ತಿದ್ದರು.

ಲತಾಮಣಿ ಮಿಕ್ಸಿಯ ಮುಚ್ಚಳದತ್ತ ಒಮ್ಮೆ ತಿರುಗಿ ನೋಡಿದಳು.

"ಅಪ್ಪನ ಫೋನಲ್ಲಿ ಜೂಮು ಸಖತ್ತಾಗಿದೆ ರೀ," ಎಂದು ಒರೆಸುವ ಬಟ್ಟೆ ಅವರ ಕೈಗಿಟ್ಟಳು.

ಬಸವಪ್ರಸಾದರು ಗೋಡೆಯ ಬುಡ ಒರೆಸಲು ಬಗ್ಗಿದರು. ಕೊರಳಲ್ಲಿದ್ದ ಲೆನ್ಸ್ ನಿಧಾನವಾಗಿ ಜಾರಿ, ಗೇಣುದ್ದ ಇಳಿದು, ಚಟ್ನಿಯಲ್ಲಿ ಕೂತಿತು.