ನಮ್ಮ ಕಾಲುವೆ ಆಟದ ಕಂಪನಿ

ನಮ್ಮ ಕಂಪನಿಯ ಮೆಟ್ಟಿಲು ಹತ್ತಿದವರು ನಗದೆ ಇಳಿದುಹೋದದ್ದು ಕಡಿಮೆ. ನಾವೇನೂ ನಗಿಸಲು ಕೂತವರಲ್ಲ, ಆನ್‌ಲೈನ್ ಆಟ ಮಾಡಲು ಕೂತವರು. ಆದರೆ ಶಹಾಪುರದಲ್ಲಿ ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲೆ ಗೇಮ್ ಕಂಪನಿ ಅಂದಮೇಲೆ ಆಗಬೇಕಾದದ್ದು ಆಗಿಯೇ ತೀರುತ್ತದೆ.

ಕಂಪನಿ ಅಂದರೆ ಆಗ ಮೂವರೇ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನೌಕರಿ ಬಿಟ್ಟುಬಂದ ನಮ್ಮ ಮೇಡಂ, ಕೋಡ್ ಬರೆಯುವ ಅವರ ಸುರಪುರದ ಗೆಳತಿ, ಚಿತ್ರಕ್ಕೆ ನಾನು. ನಾನು ಅದಕ್ಕೂ ಮೊದಲು ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿ ಬರೆಯುತ್ತಿದ್ದ ಪೇಂಟರ್. ಒಂದು ಟ್ರಾಲಿಯ ಹಿಂದೆ ನಾನು ಬರೆದ ಎತ್ತು ನೋಡಿ ಮೇಡಂ ರಸ್ತೆಯಲ್ಲೇ ಸ್ಕೂಟಿ ನಿಲ್ಲಿಸಿ, "ಇದನ್ನ ನಡಿಸಾಕ ಬರ್ತದೇನ್ರಿ?" ಅಂತ ಕೇಳಿದರು. ಎತ್ತು ನಡೆಸುವುದು ಒಕ್ಕಲುತನದವರ ಕೆಲಸ, ನಾನು ಬರೀ ಬಣ್ಣದವನು ಅಂದೆ. ಮರುದಿನವೇ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು.

ಆಟ ಇಷ್ಟೇ. ಒಂದು ಕಾಲುವೆ, ಅದರ ಗುಂಟ ಹೊಲಗಳು, ಆಡುವವರಿಗೆ ಒಂದೊಂದು ಹೊಲ. ಸರದಿ ಬಂದಾಗ ಗೇಟು ತೆಗೆದು ನೀರು ಕಟ್ಟಿಕೊಳ್ಳಬೇಕು, ಮುಗಿದಾಗ ಮುಚ್ಚಿ ಕೆಳಗಿನವರಿಗೆ ಬಿಡಬೇಕು. ಎಲ್ಲರ ಬೆಳೆ ಬಂದರೆ ಎಲ್ಲರೂ ಗೆದ್ದಂತೆ. ಕಾಲುವೆ ಬಂದಮೇಲೆ ಹುಟ್ಟಿದ ನಮ್ಮ ಮೇಡಂಗೆ ಇದಕ್ಕಿಂತ ದೊಡ್ಡ ಆಟ ಜಗತ್ತಿನಲ್ಲೇ ಇಲ್ಲ ಅಂತ ನಂಬಿಕೆ. ಆದರೆ ಮನೆಯಲ್ಲಿ ಅವರೊಂದು ಮಾತು ಕೊಟ್ಟಿದ್ದರು: ಈ ಸುಗ್ಗಿಯೊಳಗೆ ಯಾವುದಾದರೂ ದೊಡ್ಡ ಕಂಪನಿ ಕೈ ಹಿಡಿಯದಿದ್ದರೆ ಇದಕ್ಕೆ ಬೀಗ ಹಾಕಿ ಮತ್ತೆ ಶಾಲೆಗೆ ಹೋಗುವುದು.

ಹವಾಲ್ದಾರರ ಫಿರ್ಯಾದು

'ಆನ್‌ಲೈನ್ ಗೇಮ್ ಕಂಪನಿ' ಅಂತ ಬೋರ್ಡು ಬರೆದು ತೂಗುಹಾಕಿದ್ದೇ ತಡ, ಗೊಬ್ಬರ ಒಯ್ಯಲು ಬಂದವರು ಒಬ್ಬೊಬ್ಬರೇ ಮೇಲೆ ಬಂದು, ಇವತ್ತು ಯಾವ ನಂಬರ್ ಬರುತ್ತದೆ ಅಂತ ಪಿಸುಗುಟ್ಟತೊಡಗಿದರು. ಇದು ಮಟಕಾ ಅಲ್ಲ ಅಂದರೆ, ಹಾಗಾದರೆ ರಮ್ಮಿಯಾ ಅನ್ನುತ್ತಿದ್ದರು. ಸುದ್ದಿ ಹಬ್ಬಿ ಒಬ್ಬ ಹವಾಲ್ದಾರರೇ ಬಂದರು. ಮೇಡಂ ಹೆದರಲಿಲ್ಲ. ಕುರ್ಚಿ ಹಾಕಿ, ಚಹಾ ತರಿಸಿ, ನೀವೇ ಆಡಿ ನೋಡ್ರಿ ಅಂತ ಅವರ ಕೈಗೆ ಫೋನ್ ಕೊಟ್ಟರು. ಅವರು ಹುಬ್ಬು ಗಂಟಿಕ್ಕಿ ಒಂದು ಹೊಲ ತೆಗೆದುಕೊಂಡು, ಭತ್ತ ನಾಟಿ ಮಾಡಿ, ಇದರಲ್ಲಿ ತಪ್ಪೇನೂ ಕಾಣುವುದಿಲ್ಲ ಅಂತ ಹೇಳಿ ಹೋದರು.

ಮರುದಿನ ಸಾದಾ ಅಂಗಿಯಲ್ಲಿ ಮತ್ತೆ ಹಾಜರ್. ಮೇಡಂ ಮತ್ತೆ ಕುರ್ಚಿ ಹಾಕಿದರು. ಅವರು ಟೊಪ್ಪಿಗೆ ಇಲ್ಲದ ತಲೆ ಕೆರೆದುಕೊಳ್ಳುತ್ತ, "ನಿನ್ನೆ ನಿಮ್ಮ ಮ್ಯಾಲೆ ಕಂಪ್ಲೇಂಟ್ ಐತಂತ ಬಂದಿದ್ದೆ. ಇವತ್ತು ನಾನ ಕಂಪ್ಲೇಂಟ್ ಕೊಡಾಕ ಬಂದೀನ್ರಿ. ಮ್ಯಾಲಿನ ಹೊಲದಾವ ನನ್ನ ನೀರು ಕದ್ದಾನ" ಅಂದರು.

ಎಮ್ಮೆಯ ಕೆಳಗೆ ನನ್ನ ನಂಬರು

ಪೇಂಟರ್ ಆದವನಿಗೊಂದು ಚಟ. ಬೋರ್ಡು ಯಾರದೇ ಇರಲಿ, ಮೂಲೆಯಲ್ಲಿ ತನ್ನ ಹೆಸರು ಮತ್ತು ಫೋನ್ ನಂಬರ್ ಬರೆಯದಿದ್ದರೆ ಕುಂಚ ಕೆಳಗಿಡುವುದಿಲ್ಲ. ನಾನೂ ಹಾಗೇ ಮಾಡಿದ್ದೆ. ಎಮ್ಮೆಯ ಹೊಟ್ಟೆಯ ಕೆಳಗೆ, ಗುಡಿಸಲ ಬಾಗಿಲ ಮೇಲೆ, ನಮ್ಮೂರಿನ ಬುದ್ಧ ಮಲಗಿದಂಥ ಗುಡ್ಡದ ಬುಡದಲ್ಲಿ ಎಲ್ಲೆಲ್ಲೂ ನಂಬರ್. ಆಟ ಎಲ್ಲರ ಫೋನಿಗೆ ಬಿಟ್ಟಮೇಲೆ ನನ್ನ ಫೋನಿಗೆ ಪುರುಸೊತ್ತಿಲ್ಲ. ನೀರು ಬಂದಿಲ್ಲ, ಎತ್ತು ಕಾಲುವೆಗೆ ಬಿತ್ತು, ಹೊಲ ಬದಲಿಸಿಕೊಡಿ ಅಂತ ಕರೆಯ ಮೇಲೆ ಕರೆ. ಒಬ್ಬರಂತೂ ಅರಬ ದೇಶದಿಂದ ಫೋನ್ ಮಾಡಿ, ಊರಲ್ಲಿರುವ ತಮ್ಮ ಟ್ರಾಲಿಗೂ ಇಂಥದೇ ಎಮ್ಮೆ ಬೇಕು ಅಂದರು.

ಒಮ್ಮೆ ಬಳಿಚಕ್ರದಿಂದ ಒಬ್ಬ ಅಮ್ಮನ ಫೋನು. ಕೂಲಿಗೆ ಹೋಗುವ ಹೆಣ್ಣುಮಗಳು, ಮಗಳ ಫೋನಿನಲ್ಲಿ ಆಡುತ್ತಿದ್ದಳು. "ನಮ್ಮೂರಿಗಿ ಕಾಲುವಿ ಇಲ್ಲೋ ಯಪ್ಪಾ, ಮಳಿ ಬಂದ್ರ ಬೆಳಿ. ಆಟದಾಗರ ನನ್ನ ಹೊಲಕ್ಕ ನೀರು ಮುಟ್ಟಸು" ಅಂದಳು. ಮೇಡಂಗೆ ಹೇಳಿದೆ. ನಂಬರ್ ಅಳಿಸಿಬಿಡಲೇ ಅಂತಲೂ ಕೇಳಿದೆ. ಬೇಡ ಅಂದರು. ದೊಡ್ಡ ಕಂಪನಿಗಳಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ. ನಮ್ಮದರಲ್ಲಿ ಎಮ್ಮೆ ಬರೆದವನೇ ಮಾತಾಡುತ್ತಾನೆ ಅಂತ ಅವರಿಗೆ ಹೆಮ್ಮೆ. ನನ್ನ ಹೆಂಡತಿಗೆ ಮಾತ್ರ ಆ ಹೆಮ್ಮೆ ಇರಲಿಲ್ಲ.

ತಾನೇ ಮುಚ್ಚುವ ಗೇಟು

ಆಟದಲ್ಲಿ ಮೇಲಿನ ಹೊಲದವರು ಯಾರೂ ಗೇಟು ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಬಹುಮಾನ ಅಂದೆವು, ಊಹುಂ. ಕಡೆಗೆ ಗೆಳತಿ ಕೋಡ್ ಬದಲಿಸಿ, ಸರದಿ ಮುಗಿದೊಡನೆ ಗೇಟು ತಾನೇ ಮುಚ್ಚುವಂತೆ ಮಾಡಿದರು. ಕೆಳಗಿನ ಹೊಲಗಳಿಗೆಲ್ಲ ನೀರೋ ನೀರು. ನಾವು ಪೇಢಾ ತಿಂದೆವು.

ಒಂದೇ ವಾರದಲ್ಲಿ ಅರ್ಧ ಮಂದಿ ಆಟ ಬಿಟ್ಟರು. ಯಾಕೆ ಅಂತ ಫೋನ್ ಮಾಡಿ ಕೇಳಿದರೆ, ಮೊದಲು ನೀರಿಲ್ಲದಿದ್ದ ಕೆಳಗಿನವರೇ ಹೆಚ್ಚು ಸಿಟ್ಟಾಗಿದ್ದರು. "ಸುಳ್ಳು ಆಟ ಐತ್ರಿ ನಿಮ್ಮದು. ಗೇಟು ತಾನ ಮುಚ್ಚಿದ್ದು ಯಾರು ನೋಡ್ಯಾರ? ಜಗಳ ಇಲ್ಲದ ಬಂದ ನೀರು ನೀರೇನ್ರಿ?" ಮೇಡಂ ಹಳೆಯ ಗೇಟು ಹಾಕಿಸಿದರು. ಆಟದೊಳಗೇ ಮಾತಾಡುವ ಸೌಲಭ್ಯವನ್ನೂ ಕೂಡಿಸಿದರು, ಜಗಳಕ್ಕೆ ಅನುಕೂಲವಾಗಲಿ ಅಂತ. ಬಿಟ್ಟವರು ತಮ್ಮ ಬೀಗರನ್ನೂ ಕರೆದುಕೊಂಡು ವಾಪಸ್ ಬಂದರು.

ಹೈದರಾಬಾದಿನ ಸಾಹೇಬರು

ಸುಗ್ಗಿ ಹತ್ತಿರ ಬಂತು. ಇದೇ ಕೊನೆಯ ಆಸೆ ಅನ್ನುವ ಹೊತ್ತಿಗೆ ಹೈದರಾಬಾದಿನ ದೊಡ್ಡ ಗೇಮ್ ಕಂಪನಿಯ ಸಾಹೇಬರೊಬ್ಬರು ನಮ್ಮ ಆಟ ನೋಡಲು ಬಂದರು. ಅವರ ತಾಯಿಯ ತವರು ಗುರುಮಠಕಲ್ ಕಡೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ಮೇಡಂ ದೇವರಿಗೆ ಕೈಮುಗಿದು ಫೋನ್ ಕೊಟ್ಟರು.

ಪರದೆಯ ಮೇಲೆ ಒಂದು ನರಪಿಳ್ಳೆಯೂ ಅಲುಗಾಡುತ್ತಿಲ್ಲ. ಮಂದಿಯೆಲ್ಲ ಗೇಟಿನ ಹತ್ತಿರ ರಾಶಿ ಬಿದ್ದಂತೆ ಕೂತಿದ್ದಾರೆ. ಆಟ ಕೆಟ್ಟು ನಿಂತಿದೆಯಾ ಅಂತ ಸಾಹೇಬರು ಕೇಳಿದರು. ಮೇಡಂ ಮುಖ ಸಣ್ಣದಾಯಿತು. ಗೆಳತಿ ಕಂಪ್ಯೂಟರ್ ತಡಕಾಡಿ, ಆಟ ಸರಿಯಾಗೇ ಇದೆ, ಮೇಲಿನವರು ಗೇಟು ಮುಚ್ಚಿಲ್ಲ ಅಂತ ಕೆಳಗಿನವರು ಧರಣಿ ಕೂತಿದ್ದಾರೆ ಅಂದರು. ಎಷ್ಟು ಹೊತ್ತು ಅಂದರೆ, ನೀರು ಬರುವತನಕ.

ಸಾಹೇಬರಿಗೆ ಕುತೂಹಲವಾಗಿ ತಾವೂ ಒಳಗೆ ಹೋದರು. ಹೊಸಬರಿಗೆಲ್ಲ ನಾನು ಬಿಳಿ ಅಂಗಿ, ಬಿಳಿ ಪ್ಯಾಂಟು ಬರೆದಿದ್ದೆ. ನಮ್ಮ ಕಡೆ ಕಾಲುವೆ ಮೇಲೆ ಹಾಗೆ ನಡೆದು ಬರುವವರು ಇಂಜಿನಿಯರ್ ಬಿಟ್ಟರೆ ಮತ್ಯಾರೂ ಇಲ್ಲ. "ಸಾಹೇಬ್ರು ಬಂದಾರ, ಸಾಹೇಬ್ರು ಬಂದಾರ" ಅಂತ ಮಂದಿ ಎದ್ದು ಸುತ್ತುವರಿದರು. ನಾನು ಇಂಜಿನಿಯರ್ ಅಲ್ಲ, ಹೈದರಾಬಾದ್ ಆಫೀಸಿನಿಂದ ಬಂದವನು ಅಂದರು ಪಾಪ. ಇನ್ನೂ ದೊಡ್ಡ ಆಫೀಸಿನವರು ಅಂತ ಮಂದಿ ಇನ್ನೂ ಒತ್ತಿ ನಿಂತರು. ಅಷ್ಟರಲ್ಲಿ ಬಳಿಚಕ್ರದ ಅಮ್ಮ ಮುಂದೆ ಬಂದು, ಸುಗ್ಗಿ ಊಟಕ್ಕೆಂದು ನಾನು ಬರೆದಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ ಅವರ ಮುಂದಿಟ್ಟಳು. "ದೂರದಿಂದ ಬಂದೀರಿ, ಮೊದಲು ಉಣ್ರಿ. ಆಮ್ಯಾಲೆ ಜವಾಬು ಕೊಡ್ರಿ."

ಸಾಹೇಬರು ಒಂದು ಕ್ಷಣ ನೋಡಿ, ಬೆರಳಿನಿಂದ ಒತ್ತಿ ರೊಟ್ಟಿ ಉಂಡರು. ನಾವು ಖಾನಾವಳಿಯಿಂದ ತರಿಸಿದ ನಿಜವಾದ ಊಟ ಟೇಬಲ್ ಮೇಲೆ ಆರುತ್ತಿತ್ತು. ಆಮೇಲೆ ಒಬ್ಬೊಬ್ಬರ ಅಹವಾಲು ಶುರುವಾಯಿತು. ಸಾಹೇಬರು ಹೌದ್ರಿ, ಹೌದ್ರಿ ಅನ್ನುತ್ತ ಕೇಳಿದರು. ನಡುವೆ ಫೋನಿನಿಂದ ಕಣ್ಣೆತ್ತದೆ, "ಈ ಆಟ ನಮಗ ಬೇಕು ಮೇಡಂ, ತಗೋತೀವಿ" ಅಂದರು. ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ, ನಮ್ಮ ಮೇಡಂ ಛಲ ಅಂಥದ್ದು.

ಕೆಳಗೆ ಕಾರಿನವನು ಹಾರ್ನ್ ಹೊಡೆಯತೊಡಗಿದ. ಯಾದಗಿರಿಯಲ್ಲಿ ಸಾಹೇಬರ ರೈಲಿನ ಹೊತ್ತಾಗಿತ್ತು. ಅವರು ಏಳಲೇ ಇಲ್ಲ. ಮೇಡಂ ಸಂಕೋಚದಿಂದ, "ಸರ್, ಫೋನ್ ಬಂದ್ ಮಾಡಿದ್ರ ಮುಗೀತ್ರಿ, ಹೊರಗ ಬರ್ತೀರಿ" ಅಂದರು.

ಸಾಹೇಬರು ತಲೆಯೆತ್ತಿ, ಆಡಬಾರದ ಮಾತು ಆಡಿದವರನ್ನು ನೋಡಿದಂತೆ ನೋಡಿದರು.

"ಹೆಂಗ ಬರ್ಲಿ ಮೇಡಂ? ಅವರ ರೊಟ್ಟಿ ಉಂಡೀನಿ."