ಭಾವ ಬಿಗಿಸಿಕೊಟ್ಟ ಗೇರ್ ಸೈಕಲ್ಲು

"ಇನ್ನು ಮೇಲೆ ಈ ಮನೆಯ ಹೊಸ್ತಿಲನ್ನ ಒಬ್ಬನೇ ಒಬ್ಬ ರಿಪೇರಿಯವನು ದಾಟಕೂಡದು ಕಣೇ!"

ಬಸವೇಶ್ವರನಗರದ ಬಾಡಿಗೆ ಮನೆಯ ವರಾಂಡದಲ್ಲಿ, ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಸ್ಪ್ಯಾನರನ್ನು ಗದೆಯಂತೆ ಎತ್ತಿ ಹಿಡಿದು ವೆಂಕಟಗಿರಿ ಹೀಗೆ ಪ್ರತಿಜ್ಞೆ ಮಾಡಿದ. ವಿಮಾ ಕಚೇರಿಯಲ್ಲಿ ಹದಿನಾರು ವರ್ಷ ಫೈಲುಗಳಿಗೆ ದಾರ ಕಟ್ಟಿದ ಕೈ ಅದು. ಗಂಟು ಹಾಕುವುದರಲ್ಲಿ ಎತ್ತಿದ ಕೈ. ನಟ್ಟು ಬೋಲ್ಟುಗಳ ಜೊತೆ ಮಾತ್ರ ಅಷ್ಟಾಗಿ ಮಾತುಕತೆ ಇರಲಿಲ್ಲ.

ಹೆಂಡತಿ ವಿಜಯಶ್ರೀ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ ಕೇಳಿದಳು. "ಯಾರಿಗೆ ಬಂತ್ರೀ ಗ್ರಹಚಾರ?"

ಗ್ರಹಚಾರ ಬಂದಿದ್ದು ಅವಳ ತಮ್ಮ ಅರುಣನ ಸೈಕಲ್ಲಿಗೆ. ಎರಡು ಸಾವಿರದ ಏಳನೇ ಇಸವಿಯಲ್ಲಿ ಇಪ್ಪತ್ತೊಂದು ಗೇರಿನ ಸೈಕಲ್ಲೆಂದರೆ ಬೀದಿಯವರೆಲ್ಲ ಬಂದು ಮುಟ್ಟಿ ನೋಡುವ ವಸ್ತು. ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದ ಅರುಣ ಆಫೀಸಿನ ಕೆಲಸಕ್ಕೆಂದು ಹತ್ತು ದಿನ ಹುಬ್ಬಳ್ಳಿಗೆ ಹೋಗುವಾಗ ಅದನ್ನು ಅಕ್ಕನ ಮನೆಯಲ್ಲಿ ಬಿಟ್ಟುಹೋಗಿದ್ದ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಅದೇ ಸೈಕಲ್ಲಿನಲ್ಲಿ ಗೆಳೆಯರ ಜೊತೆ ಮಂಚನಬೆಲೆ ಡ್ಯಾಮಿಗೆ ಹೊರಡುವವನಿದ್ದ.

ಹೋಗುವಾಗ ಅವನು ಹೇಳಿದ್ದ ಮಾತು ವೆಂಕಟಗಿರಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. "ಭಾವ, ಹಿಂದಿನ ಗೇರಿನ ಸ್ಕ್ರೂ ಆಗಾಗ ಸಡಿಲ ಆಗತ್ತೆ. ಬಂದ್ಮೇಲೆ ತೋರಿಸ್ಕೋತೀನಿ. ನೀವು ದಯವಿಟ್ಟು..." ಎಂದು ಅಷ್ಟಕ್ಕೇ ನಿಲ್ಲಿಸಿ, ಅಕ್ಕನ ಮುಖ ನೋಡಿದ್ದ. ಅಕ್ಕ ತಲೆಯಾಡಿಸಿದ್ದಳು. ಮದುವೆಯಾದ ಹೊಸದರಲ್ಲಿ ವೆಂಕಟಗಿರಿ ಮಾವನ ಮನೆಯ ಮಿಕ್ಸಿ ರಿಪೇರಿ ಮಾಡಿ, ತೆಂಗಿನಕಾಯಿ ಚಟ್ನಿಯನ್ನು ಅಡುಗೆಮನೆಯ ಚಾವಣಿಗೆ ಬಳಿದದ್ದು ಆ ಮನೆತನದ ಚರಿತ್ರೆಯಲ್ಲಿ ದಾಖಲಾಗಿತ್ತು. ಆ ಕಳಂಕ ತೊಳೆಯಲು ಇದೇ ಸಮಯ!

"ಇದರ ಹೆಸರು ಡಿರೇಲರ್ ಕಣೇ," ಎಂದು ಅವನು ಹಿಂದಿನ ಚಕ್ರದ ಪಕ್ಕ ನೇತಾಡುತ್ತಿದ್ದ ಉಪಕರಣವನ್ನು ತೋರಿಸಿದ. "ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇದೇ ದಾಟಿಸೋದು."

"ಹೆಸರಲ್ಲೇ ಹಳಿ ತಪ್ಪೋದು ಇದೆಯಲ್ರೀ! ಸುಮ್ನಿರಬಾರ್ದಾ?"

ವೆಂಕಟಗಿರಿ ಸುಮ್ಮನಿರಲಿಲ್ಲ. ಎದುರುಮನೆಯ ಶಿವಬಸಪ್ಪನ ಬಳಿಗೆ ಹೋದ. ವಿಜಾಪುರದ ಕಡೆಯ ಶಿವಬಸಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಸ್ಕ್ರೂ ಸಡಿಲವಾಗದಂತೆ ಮಾಡುವ ಮದ್ದು ಕೇಳಿದಾಗ ಅವನು ಹೆಬ್ಬೆರಳಿನಷ್ಟು ಕೆಂಪು ಶೀಶೆಯೊಂದನ್ನು ಕೊಟ್ಟ.

"ಇದಕ್ಕ ಥ್ರೆಡ್ ಲಾಕರ್ ಅಂತಾರ್ರಿ. ಸ್ಕ್ರೂನ ಥ್ರೆಡ್ಡಿಗೆ ಒಂದ ಹನಿ ಹಚ್ಚಿ ತಿರುವ್ರಿ, ಸಾಕು. ಎರಡನೇ ಹನಿ ಬಿತ್ತಂದ್ರ ದೇವ್ರು ಬಂದ್ರೂ ಬಿಚ್ಚೂದಿಲ್ಲ ನೋಡ್ರಿ ಮತ್ತ!"

ಮನೆಗೆ ಬಂದು ವೆಂಕಟಗಿರಿ ಮೊದಲು ಪರೀಕ್ಷೆ ಮಾಡಿದ. ಎರಡು ಬೆರಳ ನಡುವೆ ಒಂದು ಹನಿ ಹಾಕಿ ಒತ್ತಿ ಹಿಡಿದ. ನೂರು ಎಣಿಸಿ ಬಿಟ್ಟ. ಬೆರಳು ಸಲೀಸಾಗಿ ಬಿಟ್ಟುಕೊಂಡಿತು! ತಟ್ಟೆಯ ಮೇಲೆ ಇನ್ನೊಂದು ಹನಿ ಬಿಟ್ಟು, ಕಾಫಿ ಕುಡಿದು ಬಂದು ನೋಡಿದ. ಹನಿ ಹಾಗೇ ಪಿಳಿಪಿಳಿ ನೋಡುತ್ತಿತ್ತು.

"ಡೂಪ್ಲಿಕೇಟ್ ಮಾಲು!" ಎಂದು ಅವನು ತೀರ್ಪು ಕೊಟ್ಟ. "ಅಂಟೇ ಇಲ್ಲದ ಅಂಟು! ಇಂಥದನ್ನ ಹನಿ ಲೆಕ್ಕದಲ್ಲಿ ಹಾಕಿದ್ರೆ ಆಗತ್ತಾ?"

"ಶಿವಬಸಪ್ಪನವರು ಒಂದೇ ಹನಿ ಸಾಕು ಅಂದ್ರಂತಲ್ಲ?"

"ಅಸಲಿಗೆ ಒಂದು ಹನಿ. ನಕಲಿಗೆ ನಾಲ್ಕು!"

ಹೀಗೆ ಹೊಸ ಗಣಿತವೊಂದು ಹುಟ್ಟಿತು. ಸಡಿಲವಾದ ಸ್ಕ್ರೂ ಇದ್ದದ್ದು ಒಂದೇ. ಆದರೆ ಪಕ್ಕದ ಸ್ಕ್ರೂಗಳಿಗೆ ಮೋಸ ಮಾಡಬಾರದಲ್ಲ! ಡಿರೇಲರನ್ನು ಸೈಕಲ್ಲಿಗೆ ಹಿಡಿದಿಟ್ಟ ದಪ್ಪ ಬೋಲ್ಟು, ಚೈನು ಸುತ್ತಿ ಬರುವ ಎರಡು ಪುಟ್ಟ ಹಲ್ಲುಗಾಲಿಗಳ ಅಚ್ಚು, ಮಡಚಿ ಬಿಚ್ಚುವ ಕೀಲುಗಳು, ಎಲ್ಲಕ್ಕೂ ಎಣ್ಣೆ ಬಿಟ್ಟಂತೆ ಧಾರಾಳವಾಗಿ ಅಭಿಷೇಕ ನಡೆಯಿತು. ಶೀಶೆ ಬರಿದಾಯಿತು. ಪೆಡಲು ತಿರುಗಿಸಿದ. ಚಕ್ರ ಜುಯ್ಯೆಂದು ತಿರುಗಿತು.

"ನಾಳೆ ನಿನ್ನ ತಮ್ಮ ಬಂದು ಕಾಲಿಗೆ ಬೀಳದಿದ್ರೆ ಕೇಳು!"

ಮರುದಿನ ಬೆಳಿಗ್ಗೆ ಏಳಕ್ಕೆ ವೆಂಕಟಗಿರಿ ಇನ್ನೊಮ್ಮೆ ಪೆಡಲು ತಿರುಗಿಸಲು ಹೋದ. ಅದು ಅಲುಗಲಿಲ್ಲ. ಮೈಭಾರ ಹಾಕಿದ. ಕಟಕ್ ಎಂದು ಸದ್ದಾಯಿತೇ ಹೊರತು ಚೈನು ಜಗ್ಗಲಿಲ್ಲ. ಡಿರೇಲರು ಒಂಟಿಕಾಲಲ್ಲಿ ತಪಸ್ಸಿಗೆ ನಿಂತ ಕೊಕ್ಕರೆಯಂತೆ ಸೆಟೆದುಕೊಂಡಿತ್ತು. ಸ್ಪ್ಯಾನರ್ ಹಾಕಿ ಹಲ್ಲು ಕಚ್ಚಿ ತಿರುಗಿಸಿದ. ಬೋಲ್ಟು ತಿರುಗಲಿಲ್ಲ. ಸ್ಪ್ಯಾನರು ಜಾರಿತು, ವೆಂಕಟಗಿರಿ ಹಿಂದಕ್ಕೆ ಹೋಗಿ ನೀರು ತುಂಬಿದ್ದ ಬಕೆಟ್ಟಿನಲ್ಲಿ ಕೂತ.

ವಿಜಯಶ್ರೀ ಓಡಿ ಬಂದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. "ಅವನು ಎರಡು ವರ್ಷ ಕೂಡಿಟ್ಟು ತಗೊಂಡಿದ್ದು ಕಣ್ರೀ ಅದು," ಎಂದಳು ಮೆಲ್ಲಗೆ. ಬೈದಿದ್ದರೆ ವೆಂಕಟಗಿರಿ ತಡೆದುಕೊಳ್ಳುತ್ತಿದ್ದ. ಆ ಮೆಲ್ಲನೆಯ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಬಕೆಟ್ಟಿನಿಂದ ಎದ್ದವನೇ ಒದ್ದೆ ಪಂಚೆಯಲ್ಲೇ ಎದುರುಮನೆಗೆ ಓಡಿದ.

ಶಿವಬಸಪ್ಪ ಬಂದು ನೋಡಿದ. "ಎಷ್ಟ ಹನಿ ಹಾಕಿದ್ರಿ?"

"ಸ್ವಲ್ಪ..."

ಶಿವಬಸಪ್ಪ ಶೀಶೆಯನ್ನು ತಲೆಕೆಳಗೆ ಮಾಡಿದ. ಏನೂ ಬೀಳಲಿಲ್ಲ. "ಸಾಹೇಬ್ರ! ಇಷ್ಟರಾಗ ನಮ್ಮ ಡಿಪಾರ್ಟ್‌ಮೆಂಟ್ ಎರಡ ತಿಂಗಳ ನಡೀತದ!"

"ಬೆರಳಿಗೆ ಅಂಟಲೇ ಇಲ್ವಲ್ರೀ!"

"ಬೆರಳಿಗೆ ಹೆಂಗ ಅಂಟ್ತದ್ರಿ? ಗಾಳಿ ಇದ್ದಲ್ಲಿ ಅದು ನೀರು. ಕಬ್ಬಿಣ ಕಬ್ಬಿಣ ಸೇರಿ ಗಾಳಿ ಇಲ್ಲದಲ್ಲಿ ಕಲ್ಲು! ಈಗ ಕಾಸೂದೊಂದ ದಾರಿ. ಒಲಿ ಎಲ್ಲೈತ್ರಿ?"

ಹೀಗೆ ಸೈಕಲ್ಲು ಅಡುಗೆಮನೆ ಪ್ರವೇಶಿಸಿತು. ಒಂದು ಉರಿಯ ಮೇಲೆ ವಿಜಯಶ್ರೀಯ ದೋಸೆಕಾವಲಿ, ಇನ್ನೊಂದರ ಮೇಲೆ ಶಿವಬಸಪ್ಪನ ಕಬ್ಬಿಣದ ಸರಳು. ಸರಳು ಕಾದು ಕೆಂಪಾದಾಗ ಅವನು ಅದನ್ನು ಬೋಲ್ಟಿಗೆ ಒತ್ತುತ್ತಿದ್ದ. ಚುಂಯ್! ವೆಂಕಟಗಿರಿ ಸೈಕಲ್ಲಿನ ಕತ್ತು ಹಿಡಿದು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನಂತೆ ಬೆವರುತ್ತಿದ್ದ. ನಾಲ್ಕನೇ ಸಲಕ್ಕೆ ದಪ್ಪ ಬೋಲ್ಟು ಕಿರುಗುಟ್ಟಿ ಸಡಿಲವಾಯಿತು. ಆದರೆ ಅಷ್ಟರಲ್ಲಿ ಕೆಟ್ಟ ವಾಸನೆಯೊಂದು ಹಬ್ಬಿತು.

"ದೋಸೆ ಸೀದ್ಹೋಯ್ತಾ?" ಎಂದ ವೆಂಕಟಗಿರಿ.

"ದೋಸೆ ಅಲ್ಲ, ನಿಮ್ಮ ಗೇರು!" ಎಂದಳು ವಿಜಯಶ್ರೀ.

ಹಲ್ಲುಗಾಲಿಗಳು ಪ್ಲಾಸ್ಟಿಕ್ಕಿನವು. ಕಾವಿಗೆ ಕರಗಿ, ಬಿಸಿಲಲ್ಲಿಟ್ಟ ಬೆಲ್ಲದಂತೆ ಇಳಿದಿದ್ದವು. ಇನ್ನು ಡಿರೇಲರಿಗೆ ಜೀವ ಬರುವಂತಿರಲಿಲ್ಲ. ಶಿವಬಸಪ್ಪ ಅದನ್ನು ಕಳಚಿ ಹಳೇ ಪೇಪರಿನ ಮೇಲೆ ಮಲಗಿಸಿದ. ಚೈನಿನ ನಾಲ್ಕಾರು ಕೊಂಡಿ ತೆಗೆದು ಗಿಡ್ಡ ಮಾಡಿ, ನೇರವಾಗಿ ಹಿಂದಿನ ಚಕ್ರದ ನಡುವಿನ ಹಲ್ಲುಚಕ್ರಕ್ಕೆ ಹಾಕಿದ.

"ಓಡ್ತೈತ್ರಿ. ಆದ್ರ ಇನ್ನ ಗೇರ್ ಒಂದ."

ಒಂಬತ್ತಕ್ಕೆ ಸರಿಯಾಗಿ ಅರುಣ ಬಂದ. ಶಿವಬಸಪ್ಪ ಹಿತ್ತಲ ಬಾಗಿಲಿನಿಂದ ಜಾಣತನದಿಂದ ಮಾಯವಾದ. ವೆಂಕಟಗಿರಿ ಸ್ನಾನದ ನೀರು ಕಾಯುವಷ್ಟು ಹೊತ್ತಿನಲ್ಲಿ ಮೂರು ಸುಳ್ಳು ತಯಾರಿಸಿಕೊಂಡಿದ್ದ. ಬಾಮೈದನ ನಗುಮುಖ ನೋಡಿದ್ದೇ ಮೂರೂ ಮರೆತುಹೋದವು.

"ಅರುಣ, ನಿನ್ನ ಗೇರ್ ಹಾಳು ಮಾಡ್ಬಿಟ್ಟೆ ಕಣೋ," ಎಂದ. ಎಲ್ಲವನ್ನೂ ಹೇಳಿದ. ಬೆರಳ ಪರೀಕ್ಷೆ, ನಾಲ್ಕು ಹನಿ, ಒಲೆ, ಒಂದನ್ನೂ ಬಿಡಲಿಲ್ಲ. "ಹೊಸದು ಹಾಕಿಸಿಕೊಡ್ತೀನಿ. ತಪ್ಪು ನನ್ನದೇ."

ಅರುಣ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚೈನನ್ನು ಬೆರಳಿಂದ ಎಳೆದು ನೋಡಿದ.

"ಭಾವ, ಈಗ ಚೈನು ಇರೋದು ಮಧ್ಯದ ಹಲ್ಲುಚಕ್ರದ ಮೇಲೆ ಅಲ್ವಾ?"

"ಹೂಂ ಕಣೋ."

ಅರುಣ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಅಕ್ಕನಿಗೆ ಹೇಳ್ಬೇಡಿ ಭಾವ. ತಗೊಂಡಾಗಿಂದ ನಾನು ಅದೊಂದರಲ್ಲೇ ಓಡಿಸ್ತಿರೋದು. ಒಂದ್ಸಲ ನಾಯಂಡಹಳ್ಳಿ ಹತ್ರ ಗೇರ್ ಬದಲಾಯಿಸೋಕೆ ಹೋದೆ. ಚೈನು ಬಿತ್ತು. ಕೆಂಗೇರಿವರೆಗೂ ತಳ್ಕೊಂಡು ಹೋದೆ. ಆವತ್ತಿಂದ ಮುಟ್ಟಿಲ್ಲ. ಆಫೀಸಲ್ಲಿ ಮಾತ್ರ ಇಪ್ಪತ್ತೊಂದು ಗೇರ್ ಅಂತ ಕೊಚ್ಕೊಂಡಿದೀನಿ. ಇವತ್ತು ಏರು ಬಂದಾಗ ಎಲ್ರೂ ಗೇರ್ ಹಾಕೋ ಅಂತಾರಲ್ಲ ಅಂತ ರಾತ್ರಿ ನಿದ್ದೇನೇ ಬಂದಿರ್ಲಿಲ್ಲ!"

ವೆಂಕಟಗಿರಿಗೆ ಹೋದ ಜೀವ ಬಂದಂತಾಯಿತು. ಅವನು ಎದೆಯುಬ್ಬಿಸುವಷ್ಟರಲ್ಲಿ ಅರುಣ ಖುಷಿಯಿಂದ ಎದ್ದು ಅವನ ಕೈ ಹಿಡಿದ.

"ಈಗ ಯಾರ್ ಕೇಳಿದ್ರೂ, ನಮ್ಮ ಭಾವ ಕೈ ಹಾಕಿ ಕೆಡಿಸಿಬಿಟ್ರು ಅಂತ ಹೇಳ್ಬಹುದು! ನಿಮಗೇನೂ ಬೇಜಾರಿಲ್ಲ ಅಲ್ವಾ ಭಾವ?"

ವೆಂಕಟಗಿರಿ ಬಾಯಿ ತೆರೆಯುವ ಮೊದಲೇ, ದೋಸೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ವಿಜಯಶ್ರೀ ಹೇಳಿದಳು.

"ಧಾರಾಳವಾಗಿ ಹೇಳೋ. ನಿಜ ಹೇಳೋಕೂ ಯಾರಾದ್ರೂ ಪರ್ಮಿಷನ್ ಕೇಳ್ತಾರಾ?"